ಮುಲ್ಲಾನಿಲ್ಲದ ದಸರೆ

ಬೆಳಗಿನ ನಮಾಜ್ ಮುಗಿಸಿದ ಮೇಲೆ ಊರಿನ ಮುಲ್ಲಾ ಕುತುಬೋದ್ದೀನ ಮಾಮಾ ನೇರ ಮನೆಗೆ ಹೋಗುತ್ತಿರಲಿಲ್ಲ. ಬಾವಿಗೆ ಬಂದು ಕೊಡ ತುಂಬಿಕೊಂಡು, ನಮ್ಮ ಕುರಿಹಟ್ಟಿಯ ಮುಂದಿನ ಕಲ್ಲಿನ ದೋಣಿಗೆ ನೀರು ಸುರಿಯುತ್ತಿದ್ದರು. ಕುರಿಗಳು ನುಗ್ಗಿ ಬಂದು ಕುಡಿಯುವುದನ್ನು ನೋಡಿದ ಮೇಲೆಯೇ ಅವರ ಚಹಾ. ಜ್ವರ ಬಂದ ದಿನವೂ ಇದು ತಪ್ಪುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಇವುಗಳ ಕುತ್ತಿಗಿಗಿ ಚೂರಿ ಹಿಡಿಯೋ ಕೈ ಇದು. ನೀರೂ ಇದೇ ಕೈ ಕೊಡಬೇಕಲ್ಲವ್ವಾ" ಅನ್ನುತ್ತಿದ್ದರಂತೆ.

ಇದನ್ನು ನನಗೆ ಹೇಳಿದವರು ನಮ್ಮ ಅತ್ತೆ ಹೀರಾಬಾಯಿ. ನಾನು ಹಲಬರ್ಗಾದಿಂದ ಔರಾದ್ ಸೀಮೆಯ ಈ ಊರಿಗೆ ಸೊಸೆಯಾಗಿ ಬಂದಾಗ ಮಾಮಾ ಇಲ್ಲಿ ಇರಲಿಲ್ಲ. ಅತ್ತೆ ಉಣ್ಣೆ ನೂಲುತ್ತ ಹೇಳಿದರು, ನಾನು ಉಣ್ಣೆ ಬಿಡಿಸುತ್ತ ಕೇಳಿದೆ. ಒಂದೇ ಸಲಕ್ಕೆ ಹೇಳಿದ್ದಲ್ಲ.

ಈಗಲೂ ಮಾಮಾನ ಮಾತು ಬಂದರೆ ಕಟ್ಟೆಯ ಮೇಲೆ ಕೂತ ಹಿರಿಯರು ಕಣ್ಣು ಒರೆಸಿಕೊಳ್ಳುತ್ತಾರೆ. "ಅಂಥಾ ಮನುಷ್ಯ ಇನ್ನ ಹುಟ್ಟಂಗಿಲ್ಲ" ಎನ್ನುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ದೇವರ ಮುಂದೆ ಕೂತು ಶಾಂತಿ ಬೇಡಿದ್ದೇನೆ. ಸಿಟ್ಟು ಇಳಿದಿಲ್ಲ. ಅವರನ್ನು ಪ್ರೀತಿಸಿದ ಊರು ಅವರಿಗೆ ಏನು ಮಾಡಿತು ಎಂಬುದನ್ನೂ ಯಾರಾದರೂ ಹೇಳಬೇಕು.

ನಮ್ಮ ಕಡೆ ಹಿಂದೂಗಳ ಮನೆಯಲ್ಲೂ ಕುರಿ ಕೊಯ್ಯುವುದು ಮುಲ್ಲಾನ ಕೆಲಸ. ದೇವಿಗೆ ಬಿಟ್ಟದ್ದಿರಲಿ, ಮದುವೆಯ ಊಟಕ್ಕಿರಲಿ, ಮುಲ್ಲಾ ಬಂದು ಅಲ್ಲಾನ ಹೆಸರು ಹೇಳಿ ಚೂರಿ ಆಡಿಸಿದರೆ ಮಾತ್ರ ಆ ಮಾಂಸ ಒಲೆಗೆ ಏರುತ್ತದೆ. ಮುತ್ತಜ್ಜರ ಕಾಲದಿಂದ ಬಂದ ರೂಢಿ ಇದು. ಹಾಗಾಗಿ ಮಾಮಾ ಇಲ್ಲದೆ ಊರಲ್ಲಿ ಯಾವ ಸಂಭ್ರಮವೂ ನಡೆಯುತ್ತಿರಲಿಲ್ಲ. ಅವರು ತಡವಾಗಿ ಬಂದರೆ ಹೆಂಗಸರು ಬಿಡುತ್ತಿರಲಿಲ್ಲ.

"ಏನ್ ಮಾಮಾ, ನಿಮ್ಮ ಹಾದಿ ಕಾದು ಮಸಾಲಿ ಅರದು ಅರದು ಕೈ ಸವದ್ವು!"

"ಸವೀಲಿ ಬಿಡವ್ವಾ. ಬಳಿ ಸಡಿಲಾದ್ರ ನಿನ್ನ ಗಂಡ ಹೊಸಾವು ಇಡಸ್ತಾನ."

ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ದಿನಗಳಲ್ಲಿ ಖಾಕಿ ತೊಟ್ಟ ಇಬ್ಬರು ಊರಿಗೆ ಬಂದು ಅವರನ್ನು ದಳಕ್ಕೆ ಕರೆದರು. ಮಾಮಾ ಒಪ್ಪಲಿಲ್ಲ. "ಕಾಫಿರರ ದೇವಿಗೆ ಕುರಿ ಕೊಯ್ಯುವ ನೀನು ಎಂಥ ಮುಸಲ್ಮಾನ" ಎಂದು ಚಾವಡಿಯಲ್ಲಿ ಎಲ್ಲರೆದುರು ಅವರ ಕಪಾಳಕ್ಕೆ ಹೊಡೆದರು. ಇಡೀ ಊರು ಅದನ್ನು ಕಂಡಿತ್ತು.

ಆಮೇಲೆ ಭಾರತದ ಸೈನ್ಯ ಬಂದು ಪೋಲೀಸ್ ಆಕ್ಷನ್ ಆಯಿತು, ನಿಜಾಮನ ಆಳ್ವಿಕೆ ಮುಗಿಯಿತು. ಸೈನ್ಯದ ಬೆನ್ನಿಗೇ ಹೊರಗಿನ ಗುಂಪುಗಳು ಊರೂರು ಸುತ್ತಿ ಮುಸಲ್ಮಾನರ ಮನೆಗಳನ್ನು ಹುಡುಕತೊಡಗಿದವು. ಅಂಥ ಒಂದು ಗುಂಪು ನಮ್ಮೂರಿಗೆ ಬಂದಾಗ ಅತ್ತೆಯೇ ಮಾಮಾನನ್ನೂ ಅವರ ಹೆಂಡತಿ ಬಾನುಬೀಯನ್ನೂ ಹಟ್ಟಿಯೊಳಗೆ ಕುರಿಗಳ ನಡುವೆ ಕೂರಿಸಿ ಮೇಲೆ ಕಂಬಳಿ ಹೊದಿಸಿದರು. ಗುಂಪು ಮುಂದಿನ ಊರಿಗೆ ಹೋಯಿತು.

ಮರುದಿನ ಚಾವಡಿಯಲ್ಲಿ ಪಾಟೀಲರ ತಮ್ಮ ದತ್ತಾತ್ರಿ ಹೇಳಿದ: "ಇವರಿಗಿ ಇಟ್ಕೊಂಡ್ರ ನಾಳಿ ನಮ್ಮ ಮ್ಯಾಲೆ ಬರ್ತದ. ನಾಕ ದಿನ ಬೀದರಿಗಿ ಹೋಗಿರ್ಲಿ. ಮನಿ ನಾ ನೋಡ್ಕೋತೇನಿ."

ನಮ್ಮ ಮಾವ ಬಕ್ಕಪ್ಪನವರೂ ಅಲ್ಲಿದ್ದರು. ಅವರೂ ಬಾಯಿ ಬಿಡಲಿಲ್ಲ. ಗಂಡ ಹೆಂಡತಿ ಬೀದರಿಗೆ ನಡೆದರು.

ಗುಂಪಿನವರು ಆ ಮನೆಯ ಒಂದು ಕಲ್ಲನ್ನೂ ಮುಟ್ಟಿರಲಿಲ್ಲ. ಮುಟ್ಟಿದವರು ನಮ್ಮವರೇ. ಬೀಸುವ ಕಲ್ಲು ಒಬ್ಬರ ಮನೆ ಸೇರಿತು, ಕೊಡಗಳು ಇನ್ನೊಬ್ಬರ ಮನೆಗೆ ಹೋದವು. ಸಾಗವಾನಿಯ ಬಾಗಿಲನ್ನು ದತ್ತಾತ್ರಿ ಕಿತ್ತು ತನ್ನ ದನದ ಕೊಟ್ಟಿಗೆಗೆ ಹಚ್ಚಿದ. ಖಾಲಿ ಮನೆಯೊಳಗೆ ದನದ ಮೇವಿಗೆಂದು ಜೋಳದ ಕಣಿಕೆ ಒಟ್ಟಿದ.

ಅತ್ತೆ ಅವನನ್ನು ದಾರಿಯಲ್ಲೇ ತಡೆದು ಕೇಳಿದರಂತೆ. ಅವನು, "ಜೋಪಾನ ಮಾಡ್ಲಿಕತ್ತೀನಿ ಹೀರಕ್ಕಾ. ಬಂದ ಮ್ಯಾಲೆ ಕೊಡೂದೇ ಅದ" ಎಂದ.

"ಬಾಗಲಾ ಕಿತ್ತು ಮನಿ ಜೋಪಾನ ಮಾಡೂದು ನಾ ಎಲ್ಲೂ ನೋಡಿಲ್ಲಪ್ಪಾ."

"ನೀ ಕುರಿ ನೋಡ್ಕೋ ಹೋಗಕ್ಕಾ."

ಮರುವರ್ಷದ ದಸರೆಗೆ ದತ್ತಾತ್ರಿಯದೇ ಹರಕೆ ಇತ್ತು. ಮಗನ ಬೇನೆ ವಾಸಿಯಾದದ್ದಕ್ಕೆ ದೇವಿಗೆ ಕುರಿ ಕೊಟ್ಟು ಊರಿಗೆ ಉಣಿಸಬೇಕಿತ್ತು. ಮುಲ್ಲಾ ಎಲ್ಲಿ? "ಕೊಯ್ಯೂದೇನ್ ದೊಡ್ಡ ವಿದ್ಯಾ?" ಎಂದು ತಾನೇ ಕೊಯ್ದ, ಮನೆಮನೆಗೆ ಮಾಂಸ ಹಂಚಿದ. ಒಬ್ಬರೂ ಒಲೆ ಹೊತ್ತಿಸಲಿಲ್ಲ. ಅವನ ತಾಯಿ ಕೌಸಲ್ಯಾಬಾಯಿಯೇ ಪಾತ್ರೆಯನ್ನು ಅಂಗಳಕ್ಕೆ ತಂದಿಟ್ಟು, "ಮುಲ್ಲಾ ಮುಟ್ಟಿಲ್ಲ, ಏನಿಲ್ಲ. ಸತ್ತ ಕುರಿ ತಂದು ನನ್ನ ಅಡಗಿ ಮನ್ಯಾಗ ಇಡ್ತೀಯೇನೋ ಭಾಡ್ಯಾ?" ಎಂದು ಬೈದರು. ಕೊನೆಗೆ ಎಲ್ಲವನ್ನೂ ಹೊಲದಲ್ಲಿ ಹೂಳಿದರು.

ಒಬ್ಬ ಮನುಷ್ಯನ ಬಾಗಿಲು ಕಿತ್ತಾಗ ಈ ಊರಿನಲ್ಲಿ ಯಾರಿಗೂ ಮೈಲಿಗೆಯಾಗಿರಲಿಲ್ಲ. ಅವನ ಕೈ ತಾಗದ ಮಾಂಸಕ್ಕೆ ಎಲ್ಲರಿಗೂ ಹೇಸಿಗೆ ಬಂತು! ಇದನ್ನು ನೆನೆದಾಗ ಜಪಮಾಲೆ ಹಿಡಿದ ನನ್ನ ಬೆರಳುಗಳು ನಿಂತುಬಿಡುತ್ತವೆ.

ದಸರೆಯ ಬೆನ್ನಿಗೇ ಬರುವ ಶೀಗಿ ಹುಣ್ಣಿಮೆಗೆ ಇನ್ನೊಂದು ಕುರಿ ಕೊಡುವುದೆಂದು ಠರಾಯಿಸಿ, ದತ್ತಾತ್ರಿ ನಮ್ಮ ಮಾವನನ್ನು ಕರೆದುಕೊಂಡು ಬೀದರಿಗೆ ಹೋದ. ಮಾಮಾ ಅಲ್ಲಿಯ ಧಾನ್ಯದ ಪೇಟೆ ಗಂಜ್‌ನಲ್ಲಿ ಹಮಾಲರಾಗಿದ್ದರು. ಬೆನ್ನ ಮೇಲೆ ಹೆಸರುಕಾಳಿನ ಚೀಲ ಹೊತ್ತು ಬರುತ್ತಿದ್ದವರು ಇವರನ್ನು ಕಂಡು ಚೀಲ ಇಳಿಸಿದರು.

"ಮಾಮಾ, ಊರು ನಿಮ್ಮ ಹಾದಿ ಕಾಯ್ಲಿಕತ್ತದ. ಬರ್ರಿ" ಎಂದ ದತ್ತಾತ್ರಿ.

"ಊರು ಕಾಯ್ಲಿಕತ್ತದೋ, ಕುರಿ ಕಾಯ್ಲಿಕತ್ತದೋ?" ಎಂದು ನಕ್ಕು ಮಾಮಾ ಬೆವರು ಒರೆಸಿಕೊಂಡರು. ಆಮೇಲೆ ಕೇಳಿದರು: "ಮನಿ ಹ್ಯಾಂಗದಪ್ಪಾ?"

"ಅದ, ಅದ. ನಡೀರಿ ಮದಲ."

ಮಾವ ಅಲ್ಲೂ ನೆಲ ನೋಡುತ್ತ ನಿಂತಿದ್ದರಂತೆ. ಬಾನುಬೀ ಒಂದು ಗಂಟೆಯೊಳಗೆ ಅಡುಗೆಯ ಪಾತ್ರೆ, ಕೌದಿ, ಬಟ್ಟೆ ಎಲ್ಲ ಗಂಟು ಕಟ್ಟಿದರು. ಬಾಡಿಗೆಯ ಖೋಲಿಯಲ್ಲಿ ಏನನ್ನೂ ಉಳಿಸಲಿಲ್ಲ. ಮನೆಗೆ ಹೊರಟಿದ್ದೇವೆಂದೇ ಆ ಗಂಡ ಹೆಂಡತಿ ತಿಳಿದಿದ್ದರು.

ಊರಿಗೆ ಬಂದು ನೋಡಿದರೆ ಚೌಕಟ್ಟಿನ ತನಕ ಕಣಿಕೆ. ಬಾನುಬೀ ತಮ್ಮ ಮನೆಯ ಕಟ್ಟೆಯ ಮೇಲೆ ಗಂಟು ತಬ್ಬಿಕೊಂಡು ಕೂತರು. ಅತ್ತೆ ಓಡಿಬಂದು ಕೈ ಹಿಡಿದರು. ಮಾಮಾ ಚೂರಿ ತೊಳೆಯಲು ನೀರು ಕೇಳಿದಾಗ ಅತ್ತೆ, "ಕೊಯ್ಯಬ್ಯಾಡ ಮಾಮಾ. ಮದಲ ಮನಿ ಕೇಳು" ಎಂದರು.

"ಹರಕಿ ಕೂಸಿಂದು ಹೀರವ್ವಾ. ಕೂಸು ಏನ್ ಮಾಡ್ಯದ?" ಎಂದು ಮಾಮಾ ತಮ್ಮ ಕೆಲಸ ಮುಗಿಸಿದರು.

ಕೈ ತೊಳೆದು ಚಾವಡಿಗೆ ಬಂದು ಎಲ್ಲರೆದುರು ನಿಂತರು. "ಕೆಲಸ ಆತು. ನನ್ನ ಮನಿ ಖಾಲಿ ಮಾಡಸ್ರಿ. ಬಾಗಲಾ ಹಚ್ಚಸ್ರಿ."

ಆಗಲೇ ಮನೆಮನೆಯಿಂದ ಮಸಾಲೆಯ ವಾಸನೆ ಏಳುತ್ತಿತ್ತು.

ದತ್ತಾತ್ರಿ ಗಂಟಲು ಸರಿಮಾಡಿಕೊಂಡ. "ಇಷ್ಟು ಕಣಿಕಿ ಎಲ್ಲಿ ಒಯ್ಯಲಿ ಮಾಮಾ? ಒಂದ ಕೆಲಸ ಮಾಡ್ತೇನಿ. ಹಳ್ಳದ ಬಾಜೂಕ ನಂದು ಜಾಗಾ ಅದ. ಅಲ್ಲಿ ಗುಡಸಲಾ ನಾನೇ ಹಾಕಸಿ ಕೊಡ್ತೇನಿ, ಪುಕ್ಕಟ. ನಾ ಇರೋತನಕ ನಿಮ್ಮ ಕೂದಲಾ ಯಾರೂ ಮುಟ್ಟಂಗಿಲ್ಲ."

"ದೊಡ್ಡ ಮನಸು ನಿಂದು ದತ್ತಾತ್ರಿ" ಎಂದರು ಸುತ್ತ ಕೂತವರು. ಹೌದು, ಹಾಗೇ ಅಂದರು. ಇವತ್ತು ಕಣ್ಣು ಒರೆಸಿಕೊಳ್ಳುವವರೂ ಅವರ ನಡುವೆ ಕೂತಿದ್ದರು. "ಹ್ಞೂಂ ಅನ್ರಿ ಮಾಮಾ" ಎಂದು ಒತ್ತಾಯವನ್ನೂ ಮಾಡಿದರು.

ಮಾಮಾ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡರು.

"ನಮ್ಮಪ್ಪ ಕಟ್ಟಿದ ಮನಿ ಅದ ನನಗ. ಅದು ಬಿಟ್ಟುಕೊಟ್ರ ಇವತ್ತೇ ಉಳೀತೇನಿ. ನಿನ್ನ ಗುಡಸಲಾ ನನಗ ಬ್ಯಾಡ ದತ್ತಾತ್ರಿ."

ಕತ್ತಲಾಗುವ ಮೊದಲೇ ಗಂಡ ಹೆಂಡತಿ ಗಂಟು ಹೊತ್ತು ಮತ್ತೆ ಬೀದರಿನ ಹಾದಿ ಹಿಡಿದರು.