ಮಾನಮ್ಮ ತೋಡದ ಕುಣಿ

ಸುರಪುರದ ಕಡೆಯಿಂದ ಪುಣೆಗೆ ಬಂದ ಮಾನಮ್ಮ ಹನ್ನೆರಡು ವರ್ಷ ಯೆರವಡಾದ ಕಟ್ಟಡಗಳಿಗೆ ಮಣ್ಣು ಹೊತ್ತವಳು. ೧೯೮೪ರಲ್ಲಿ ಅವಳು ನಮ್ಮ ನೃತ್ಯತಂಡಕ್ಕೆ ಬಂದದ್ದು ಒಂದು ಚೀಟಿಯಿಂದ.

ತಂಡದ ಹೊಸ ಸಮೂಹ ಬ್ಯಾಲೆಯಲ್ಲಿ ರಾಜರೂ ಇರಲಿಲ್ಲ, ದೇವರೂ ಇರಲಿಲ್ಲ. ಊರು ಕಟ್ಟುವವರಿಗೆ ಆ ಊರಿನಲ್ಲೇ ಮನೆಯಿಲ್ಲ ಎಂಬುದು ಅದರ ವಸ್ತು. ನಿರ್ದೇಶಕಿ ರಾಜೀವಿಬಾಯಿಯವರಿಗೆ ನಿಜವಾದ ಕೂಲಿಯವಳೊಬ್ಬಳು ಬೇಕಾಗಿದ್ದಳು. ತಂಡದ ಉಡುಪು ಹೊಲಿಯುತ್ತಿದ್ದ ನಾನು ಕನ್ನಡ ಬಲ್ಲವಳಾದ್ದರಿಂದ, "ಕುಣಿಯುವ ಕೆಲಸಕ್ಕೆ ಒಬ್ಬಳನ್ನು ಕಳುಹಿಸು" ಎಂದು ಕೂಲಿಯಾಳುಗಳ ಮುಕಾದಮ ಲಾಲಪ್ಪನಿಗೆ ಬರೆದೆ. ವಾಕ್ಯ ಶುದ್ಧವಾಗಿಯೇ ಇತ್ತು. ಅವನು ಅದನ್ನು "ಕುಣಿಯ ಕೆಲಸ" ಎಂದು ಓದಿದ. ನಮ್ಮ ಕಡೆ ತಗ್ಗಿಗೂ ಕುಣಿ ಎನ್ನುತ್ತಾರೆ.

ಮರುದಿನ ಮಾನಮ್ಮ ಗುದ್ದಲಿ, ಬುಟ್ಟಿ ಸಮೇತ ರಂಗವೇರಿದಳು.

"ಎಲ್ಲಿ ತೋಡ್ಲಿರೀ? ಹಲಗಿ ಕಿತ್ತಬೇಕೇನು?"

"ತೋಡೂದಲ್ಲವ್ವ. ನೀನ ಕುಣೀಬೇಕು," ಎಂದೆ ನಾನು.

"ಅಯ್ಯ ಯವ್ವಾ! ಸೋಮವಾರ ಮಗಳ ನಿಶ್ಚಯ ಅದ. ನಾ ಕುಣದೆ ಅಂತ ಬೀಗ ಸಿದ್ರಾಮಪ್ಪಗ ತಿಳದ್ರ ಸಂಬಂಧ ಮುರೀತದ!"

ಅವಳು ಹೊರಟೇಬಿಟ್ಟಳು. ಆದರೆ ಬಾಗಿಲಲ್ಲಿ ಕಾಲು ನಿಂತಿತು. ಎಂಟು ನರ್ತಕಿಯರು ಖಾಲಿ ಬುಟ್ಟಿಗಳನ್ನು ಹೊತ್ತು, ಸೊಂಟ ಬಳುಕಿಸುತ್ತ ಸಾಲಾಗಿ ಸಾಗುತ್ತಿದ್ದರು.

"ಏ ಹುಡುಗೇರ್ಯಾ, ಬುಟ್ಟ್ಯಾಗ ಮಣ್ಣದನೋ, ಮಲ್ಲಿಗಿ ಅದನೋ?"

ಅವಳು ಬುಟ್ಟಿಯೆತ್ತಿ ನಡೆದು ತೋರಿಸಿದಳು: ಕತ್ತು ನೆಟ್ಟಗೆ, ಕಣ್ಣು ಮುಂದಿನವಳ ಕೈಮೇಲೆ. ರಾಜೀವಿಬಾಯಿ ಇದೇ ಬೇಕೆಂದು ಮರಾಠಿಯಲ್ಲಿ ಕೂಗಿಕೊಂಡರು.

ಮಾನಮ್ಮ ಕರಾರು ಹಾಕಿದಳು: "ಬುಟ್ಟಿ ಹೊರತೀನಿ, ಕುಣಿಯಂಗಿಲ್ಲ. ತಾಳ ಬೇಕಾದ್ರ ನನ್ನ ಹಿಂದ ಬರಲಿ."

ಶನಿವಾರ ಪ್ರದರ್ಶನ. ಸುದ್ದಿ ತಿಳಿದ ಲಾಲಪ್ಪ ಬಾಯಿ ಬಿಟ್ಟಿದ್ದರಿಂದ ಸಿದ್ರಾಮಪ್ಪ ಮೊದಲ ಸಾಲಿನಲ್ಲೇ ಕೈಕಟ್ಟಿ ಕುಳಿತಿದ್ದ. ನಡುವೆ ನರ್ತಕಿಯೊಬ್ಬಳು ದುಃಖವನ್ನು ಅಭಿನಯಿಸುತ್ತ ಬುಟ್ಟಿ ಹಿಡಿದು ನಿಂತುಬಿಟ್ಟಳು. ಮಾನಮ್ಮನಿಗೆ ತಡೆಯಲಾಗಲಿಲ್ಲ.

"ನಡಿಯವ್ವಾ, ಸಿಮೆಂಟ್ ಒಣಗ್ತದ!"

ಅದೂ ಬ್ಯಾಲೆಯ ಭಾಗವೆಂದು ತಿಳಿದ ಸಭೆ ಚಪ್ಪಾಳೆ ತಟ್ಟಿತು.

ಪರದೆ ಬಿದ್ದ ಮೇಲೆ ಸಿದ್ರಾಮಪ್ಪ ಒಳಗೆ ಬಂದ. ಮಾನಮ್ಮ ನನ್ನ ಬಟ್ಟೆಗಳ ಪೆಟ್ಟಿಗೆಯ ಹಿಂದೆ ಸೆರಗು ಮುಚ್ಚಿಕೊಂಡು ಕುಳಿತಳು.

"ಬೀಗ್ತಿ, ನೀವು ಕುಣಿತೀರಿ ಅಂತ ಲಾಲಪ್ಪ ಹೇಳಿದ್ದ."

"ಇಲ್ರೀ, ದೇವರಾಣಿ..."

"ಆಣಿ ಯಾಕ್ರಿ? ಕಣ್ಣಾರೆ ನೋಡೀನಿ. ಕುಣದಾಕೇರು ಎಂಟು ಮಂದಿ, ಕೆಲಸ ಮಾಡಿದಾಕಿ ನೀವೊಬ್ರ. ಸೋಮವಾರ ಬರ್ತೀವಿ."

ನಿಶ್ಚಯದ ದಿನ ಡೊಳ್ಳು ಬಾರಿಸಿದಾಗ ಮೊದಲು ಕುಣಿದವನು ಸಿದ್ರಾಮಪ್ಪನೇ. ಮಾನಮ್ಮ ಗೋಡೆಯ ಬಳಿ ನಿಂತು, ಬೀಗನ ಕತ್ತು ನೆಟ್ಟಗಿಲ್ಲವೆಂದು ನನಗೆ ದೂರುತ್ತಿದ್ದಳು.