ನೇಪಲ್ಸ್‌ನ ನಿಂಬೆರಸ

ಸತ್ತವರು ಬಂದು ಉಂಡು ಹೋಗುತ್ತಾರೆಂದು ನಾನು ಎಂದೂ ನಂಬಿದವನಲ್ಲ. ನೀವು ನಂಬಲೆಂದೂ ಇದನ್ನು ಬರೆಯುತ್ತಿಲ್ಲ. ನನ್ನ ಹೆಂಡತಿ ಸುಜಾತಳ ಬಗ್ಗೆ ಜನ ಆಡಿದ ಒಂದು ಮಾತು ಇಂದಿಗೂ ಹೊಟ್ಟೆಯಲ್ಲಿ ಉರಿಯುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ದೋಹಾ ನಗರದ ನಜ್ಮಾ ಬಡಾವಣೆಯಲ್ಲಿ ನಮ್ಮ ಸಂಸಾರ. ರಜೆ ಸಿಕ್ಕಾಗಲೆಲ್ಲ ಊರಿಗೇ ಹೋದವರು ನಾವು. ಒಮ್ಮೆ ಮಾತ್ರ, ಅವಳ ಆಸೆಗೆಂದು, ಐದು ದಿನ ಇಟಲಿಯ ನೇಪಲ್ಸ್‌ಗೆ ಹೋದೆವು. ಎಂಥ ಊರು ಅದು! ಓಣಿಗಳಲ್ಲಿ ಸ್ಕೂಟರುಗಳು ಮೈಮೇಲೆಯೇ ಬರುತ್ತವೆ. ಒಣಹಾಕಿದ ಚಾದರಗಳು ತಲೆಯ ಮೇಲೆ ತೊಟ್ಟಿಕ್ಕುತ್ತವೆ. ಮುದುಕಿಯರು ಮೂರನೇ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿ ತರಕಾರಿ ಕೊಳ್ಳುತ್ತಾರೆ. ಯಾವ ಕಾಲದ್ದೋ ಗೋಡೆಗೆ ಒರಗಿ ನಿಂತು ಕರಿದ ಪಿಜ್ಜಾ ತಿಂದೆವು. ಅಲ್ಲಿನ ಗೂಡಂಗಡಿಯಲ್ಲಿ ನಿಂಬೆರಸಕ್ಕೆ ಸೋಡಾಪುಡಿ ಹಾಕಿ ಕೊಡುತ್ತಾರೆ. ಭುಸ್ಸೆಂದು ಉಕ್ಕುವ ಅದನ್ನು ಕಾಲು ಅಗಲಿಸಿ, ಬಗ್ಗಿ, ಒಂದೇ ಉಸಿರಿಗೆ ಕುಡಿಯಬೇಕು. ನಾಲ್ಕು ಜನರೆದುರು ದನಿಯೆತ್ತಿ ನಗದ ಸುಜಾತ ಮೂಗಿಗೆಲ್ಲ ನೊರೆ ಮೆತ್ತಿಕೊಂಡು, "ಹೋಯ್, ಫೋಟೋ ತೆಗಿಬೇಡಿ ಮಾರಾಯ್ರೆ, ಅಣ್ಣ ನೋಡಿದ್ರೆ ಕೊಲ್ತಾರೆ!" ಎಂದು ನಕ್ಕೇ ನಕ್ಕಳು.

ಮರಳಿ ಬಂದು ಮೂರು ತಿಂಗಳಿಗೆ ಅವಳ ಮೆದುಳಿನಲ್ಲಿ ನರ ಒಡೆಯಿತು. ಒಂದೇ ದಿನದಲ್ಲಿ ಹೋಗಿಬಿಟ್ಟಳು.

ನೇಪಲ್ಸ್‌ನ ಒಂದು ಗುಹೆಯಲ್ಲಿ ಅನಾಥ ತಲೆಬುರುಡೆಗಳಿವೆ. ಅಲ್ಲಿಯ ಜನ ಅವನ್ನು ತಮ್ಮವರಂತೆ ಒರೆಸಿ ನೋಡಿಕೊಳ್ಳುತ್ತಿದ್ದರಂತೆ. ಸುಜಾತ ಅವಕ್ಕೆ ಕೈಮುಗಿದಿದ್ದಳು. ಅದನ್ನೇ ಹಿಡಿದುಕೊಂಡರು ಅವಳ ಅಣ್ಣ, ದೋಹಾದ ಪಕ್ಕದ ಮುಐದರ್‌ನಲ್ಲಿರುವ ನನ್ನ ಭಾವ. "ಕಂಡವರ ಬುರುಡೆಗೆ ಕೈ ಮುಗಿದ್ರೆ ಮತ್ತೆಂತ ಆಗ್ತದೆ? ಅಲ್ಲಿಂದಲೇ ಹಿಡ್ಕೊಂಡು ಬಂದದ್ದು." ಸಾಂತ್ವನಕ್ಕೆ ಬಂದವರೆಲ್ಲ ತಲೆಯಾಡಿಸಿದರು. ಡಾಕ್ಟರರ ಕಾಗದ ಮುಂದಿಟ್ಟೆ, ಒಬ್ಬರೂ ಓದಲಿಲ್ಲ. ಅವಳು ಮನಸಾರೆ ನಕ್ಕ ಐದು ದಿನಗಳನ್ನೇ ಅವಳ ಸಾವಿಗೆ ಕಾರಣ ಮಾಡಲು ಇವರಿಗೆ ಯಾರು ಅಧಿಕಾರ ಕೊಟ್ಟರು?

ನಮ್ಮ ಆಷಾಢ, ಆಟಿ ತಿಂಗಳು ಬಂತು. ಸತ್ತವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಸ್ವಲ್ಪ ಹೊತ್ತು ಹೊರಗೆ ಕೂರುವುದು ನಮ್ಮ ತುಳುವರ ಕ್ರಮ. ಶುಕ್ರವಾರ ಮಧ್ಯಾಹ್ನ ಭಾವ ಬಂದು ಮಲಗುವ ಕೋಣೆಯಲ್ಲಿ ರೊಟ್ಟಿ, ಕೋಳಿಸಾರು ಬಡಿಸಿದರು. ನಾನು ಎಲೆಯ ಪಕ್ಕ ಒಂದು ಲೋಟ ನಿಂಬೆರಸ ಇಟ್ಟು ಜೇಬಿನಿಂದ ಸೋಡಾಪುಡಿಯ ಪೊಟ್ಟಣ ಹೊರತೆಗೆದೆ.

"ಇದೆಂತದು ಮಾರಾಯ? ಆ ಹಾಳು ಊರನ್ನು ಇಲ್ಲಿಗೂ ತರ್ತೀಯಾ?"

"ಅವಳಿಗೆ ಇಷ್ಟ ಇತ್ತು, ಭಾವ."

"ಪುಡಿಗಿಡಿ ಬೇಡ, ಖಲಾಸ್! ಜ್ಯೂಸ್ ಬೇಕಾದ್ರೆ ಇರಲಿ."

ಒಡೆಯದ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡೆ. ನಾವಿಬ್ಬರೂ ಹೊರಗೆ ಬಂದೆವು. ಭಾವ ಬಾಗಿಲೆಳೆದು ಅದಕ್ಕೇ ಒರಗಿ ಕೂತರು, ನಾನು ಅವರ ಪಕ್ಕದಲ್ಲಿ. ಕಾಲು ಗಂಟೆ ಬಿಟ್ಟು ತೆರೆದಾಗ ಎಲೆ ಬಡಿಸಿದಂತೆಯೇ ಇತ್ತು. ಆದರೆ ಲೋಟ ಅರ್ಧ ಖಾಲಿಯಾಗಿತ್ತು. ಅಂಚಿನಿಂದ ನೊರೆ ಚರಚರನೆ ಇಳಿಯುತ್ತಿತ್ತು. ನೆಲವೆಲ್ಲ ಒದ್ದೆ.

ನಾನು ಜೇಬಿನಿಂದ ಪೊಟ್ಟಣ ತೆಗೆದು ತೋರಿಸಿದೆ. ಒಡೆದಿರಲಿಲ್ಲ.

"ಎಸಿ ನೀರಿರಬೇಕು," ಎಂದರು ಭಾವ. ಎಸಿ ಇದ್ದದ್ದು ಎದುರು ಗೋಡೆಯಲ್ಲಿ. ಅವರು ಊಟ ಮಾಡದೆ ಹೊರಟುಹೋದರು. ಬುರುಡೆಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ.

ಆಮೇಲೆ ಎಷ್ಟೋ ಸಲ ಅದೇ ಕೋಣೆಯಲ್ಲಿ, ಅದೇ ಲೋಟದಲ್ಲಿ ಬರೀ ನಿಂಬೆರಸ ಇಟ್ಟು ನೋಡಿದ್ದೇನೆ. ಒಮ್ಮೆಯೂ ಉಕ್ಕಿಲ್ಲ. ಅವಳು ಬಂದಿದ್ದಳೆಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಬಂದಿದ್ದರೆ, ಅಷ್ಟು ಹೊತ್ತು ನನ್ನನ್ನು ಬಾಗಿಲ ಹೊರಗೆ ಕೂರಿಸಿದ ಆ ಕ್ರಮವನ್ನು ನಾನು ಹೇಗೆ ಕ್ಷಮಿಸಲಿ?