ಬಾಗಿಲಿಲ್ಲದ ಐದನೇ ಮನೆ

ಮಲ್ಲಂದೂರಿನ ನನ್ನ ಮೊದಲ ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆ ಏನೂ ಇರಲಿಲ್ಲ. ಅಂಗಳ, ಬೇಲಿ, ಕಾಫಿ ಗಿಡ, ಎಲ್ಲವನ್ನೂ ಮಂಜು ನುಂಗಿತ್ತು. ಆ ಬಿಳುಪಿನೊಳಗೆ ಯಾರೋ ಕೆಮ್ಮಿದರು; ಆಳು ಕಾಣಲೇ ಇಲ್ಲ. ನಮ್ಮ ವಿಜಯಪುರದ ಬಯಲಿನಲ್ಲಿ ಬರುವವರು ಹರದಾರಿ ದೂರದಿಂದಲೇ ಕಾಣುತ್ತಾರೆ. ಇಲ್ಲಿ ದನಿ ಮೊದಲು, ಮನುಷ್ಯ ಆಮೇಲೆ.

ಎಸ್ಟೇಟ್ ಆಸ್ಪತ್ರೆಗೆ ನರ್ಸ್ ಆಗಿ ಬಂದವಳು ಎರಡು ವರ್ಷ ಒಬ್ಬಳೇ ಇದ್ದೆ. ಜೋಳದ ರೊಟ್ಟಿಯ ಜಾಗಕ್ಕೆ ಕಡುಬು ಬಂತು. 'ಲೈನು' ಎಂದರೆ ಕೂಲಿಯವರ ಸಾಲುಮನೆ ಎಂದು ಕಲಿತೆ. ಆಮೇಲೆ ಅವ್ವನ ಹತ್ತಿರ ಬಿಟ್ಟಿದ್ದ ಮಗಳು ಸುಮಾಳನ್ನು ಕರೆತಂದೆ. ಆರು ವರ್ಷದ ಅವಳು ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಚಿಕ್ಕಮಗಳೂರಿನಿಂದ ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತಂದುಕೊಟ್ಟೆ. ನನಗೆ ಬೆನ್ನು ಹಾಕಿ ಕೂತು ಕಟ್ಟುತ್ತಿದ್ದಳು.

ಒಂದು ಭಾನುವಾರ ಐದು ಮನೆಗಳ ಸಾಲು ಕಟ್ಟಿದಳು. ನಾಲ್ಕಕ್ಕೆ ಬಾಗಿಲಿತ್ತು.

"ಐದನೇದಕ್ಕ ಬಾಗಲಾ ಎಲ್ಲಿ?"

"ಇಲ್ಲ. ಮಂದಿ ಒಳಗದಾರ."

ಪತ್ರೊಡೆ ಕೊಡಲು ಬಂದಿದ್ದ ಗಿರಿಜಮ್ಮ ಹೊಸ್ತಿಲಲ್ಲೇ ನಿಂತರು. ಮೂವತ್ತು ವರ್ಷದಿಂದ ಇದೇ ತೋಟದಲ್ಲಿ ಕಾಫಿ ಕೊಯ್ಯುವವರು.

"ಇದು ನಮ್ ಹಳೇ ಲೈನು ಮಾರಾಯ್ತಿ! ಸುಮಾರು ವರ್ಷದ ಹಿಂದೆ ಗುಡ್ಡದ ಧರೆ ಜರಿದು ಕೊನೇ ಮನೆ ಬಾಗ್ಲು ಮಣ್ಣಲ್ಲಿ ಮುಚ್ಚೋಯ್ತು. ಇವ್ಳಿಗೆ ಯಾರು ಹೇಳಿದ್ರು?"

ನಾನಂತೂ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ಆ ಐದನೇ ಮನೆಯನ್ನು ಕೆಡವಿಬಿಡಲು ಕೈ ಚಾಚಿದೆ. ಸುಮಾ ತಲೆಯೆತ್ತಿ ನನ್ನ ಮುಖ ನೋಡಿದಳು. ಚಾಚಿದ ಕೈಯನ್ನು ಹಾಗೇ ನೆಲಕ್ಕೂರಿ ಅವಳ ಪಕ್ಕ ಕೂತೆ.

"ಇಬ್ಬರೂ ಕೂಡಿ ಬಾಗಲಾ ಇಡೂಣೇನು?"

ಸಾಲನ್ನು ನನ್ನ ಕಡೆ ತಳ್ಳಿದಳು. "ನೀ ಗ್ವಾಡಿ ತಗಿ, ಅವ್ವಾ. ಸಾವಕಾಶ."

ಅವ್ವಾ ಎಂದಳು. ಒಂದೊಂದೇ ಇಟ್ಟಿಗೆ ಬಿಡಿಸಿದೆ. ಅವಳು ಚೌಕಟ್ಟು ಕೂರಿಸಿದಳು. ಆಮೇಲೆ ಬಾಗಿಲ ಹೊರಗೆ ಮೂರು ತುಂಡು ಇಟ್ಟಳು. ಎರಡು ದೊಡ್ಡವು, ಒಂದು ಚಿಕ್ಕದು.

"ಬಂದ್ರು," ಎಂದು ನನ್ನ ತೊಡೆಗೆ ಒರಗಿದಳು.

"ಆ ಮನೇಲಿ ಮೂವರೇ ಇದ್ದಿದ್ದು," ಎಂದು ಗಿರಿಜಮ್ಮ ಪಿಸುಗುಟ್ಟಿದರು. ಪಾತ್ರೆ ಅಲ್ಲೇ ಬಿಟ್ಟು ಹೊರಟೇಹೋದರು.

ಅಂದಿನಿಂದ ದಿನವೂ ಇಬ್ಬರೂ ಕೂಡಿ ಕಟ್ಟುತ್ತೇವೆ: ಸೇತುವೆ, ಬಸ್ಸು, ಬಾವಿ. ಹೇಗೆ ಗೊತ್ತಾಯಿತೆಂದು ನಾನು ಕೇಳಿಲ್ಲ. ಕೇಳಲು ಧೈರ್ಯವಿಲ್ಲ.

ಬೇಸಿಗೆ ರಜೆಗೆ ವಿಜಯಪುರಕ್ಕೆ ಹೋದೆವು. ಅವ್ವ ಮೊಮ್ಮಗಳ ತಲೆ ಬಾಚುತ್ತಿದ್ದಳು.

"ನಮ್ಮ ಮನಿಗಿ ಯಾವಾಗ ಹೋಗೂದು?" ಎಂದಳು ಸುಮಾ.

ಅವ್ವನ ಕೈ ನಿಂತಿತು. "ಮತ್ತ ಇದು ಯಾರ ಮನಿ?" ಎಂದು ಕೇಳಿದಳು, ಅವಳನ್ನಲ್ಲ, ನನ್ನನ್ನು.

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.